ಕಿರಣ ನಿಂತ ಮೇಲೆ

ಸ್ತನ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ ಆಸ್ಪತ್ರೆಯ ಲೆಕ್ಕದಲ್ಲಿ ಗೊತ್ತುಪಡಿಸಿದ ಒಂದು ದಿನ ಮುಗಿಯುತ್ತದೆಯಾದರೂ ದೇಹದ ಲೆಕ್ಕದಲ್ಲಿ ಅದು ಅಂದಿಗೆ ಮುಗಿಯುವುದಿಲ್ಲ. ಯಂತ್ರದಿಂದ ಹೊಮ್ಮಿದ ಕಿರಣ ಜೀವಕೋಶದ ಡಿಎನ್‌ಎ ಎಳೆಗಳನ್ನು ತುಂಡರಿಸುವುದು ಕ್ಷಣಮಾತ್ರದ ಕೆಲಸ. ಆದರೆ ಹಾಗೆ ಪೆಟ್ಟು ತಿಂದ ಕೋಶ ಸಾಮಾನ್ಯವಾಗಿ ಸಾಯುವುದು ಮುಂದೆಂದೋ ವಿಭಜನೆಗೆ ಹೊರಟಾಗ. ಆದಕಾರಣ ಬೇಗಬೇಗ ಹೊಸದಾಗುವ ಚರ್ಮದಲ್ಲಿ ಕಿರಣದ ಪರಿಣಾಮ ವಾರಗಳೊಳಗೆ ಕಾಣಿಸಿಕೊಂಡರೆ, ಶ್ವಾಸಕೋಶದಲ್ಲಿ ತಿಂಗಳುಗಳ ಬಳಿಕ, ರಕ್ತನಾಳಗಳಲ್ಲಿ ಹಲವು ವರ್ಷಗಳ ಬಳಿಕ ತಲೆದೋರುತ್ತದೆ. ಚಿಕಿತ್ಸೆ ಮುಗಿಸಿ ಮನೆಗೆ ಮರಳುವ ಹೆಣ್ಣುಮಗಳಿಗೆ ಇಷ್ಟನ್ನು ಯಾರಾದರೂ ಕೂತು ತಿಳಿಸಿ ಹೇಳಿದ್ದರೆ ಮುಂದಿನ ದಿನಗಳ ಗಾಬರಿಯಲ್ಲಿ ದೊಡ್ಡ ಪಾಲು ಹುಟ್ಟುತ್ತಲೇ ಇರಲಿಲ್ಲ.

ಗಡ್ಡೆಯನ್ನು ಶಸ್ತ್ರಕ್ರಿಯೆಯಲ್ಲಿ ತೆಗೆದಾದ ಮೇಲೂ ವಿಕಿರಣವೇಕೆ ಎಂಬ ಪ್ರಶ್ನೆ ಸಹಜವಾದದ್ದು. ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 19ನೆಯ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ವಿಧಾನದಲ್ಲಿ ಸ್ತನವನ್ನಷ್ಟೇ ಅಲ್ಲದೆ ಅದರಡಿಯ ಸ್ನಾಯು ಮತ್ತು ಕಂಕುಳ ಗ್ರಂಥಿಗಳನ್ನೂ ಕತ್ತರಿಸಿ ತೆಗೆಯಲಾಗುತ್ತಿತ್ತು. ಆ ಪದ್ಧತಿ ಎಷ್ಟೋ ದಶಕಗಳ ಕಾಲ ಪ್ರಶ್ನಾತೀತವಾಗಿ ನಡೆಯಿತು. ಇಟಲಿಯ ಉಂಬರ್ತೊ ವೆರೊನೇಸಿ ಮತ್ತು ಅಮೆರಿಕದ ಬರ್ನಾರ್ಡ್ ಫಿಶರ್ 1970ರ ದಶಕದಲ್ಲಿ ಆರಂಭಿಸಿದ ಅಧ್ಯಯನಗಳ ಇಪ್ಪತ್ತು ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾದಾಗ, ಸ್ತನವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆಸಿಕೊಂಡವರೂ ಸ್ತನವನ್ನು ಪೂರ್ತಿ ತೆಗೆಸಿಕೊಂಡವರಷ್ಟೇ ಕಾಲ ಬದುಕುತ್ತಾರೆಂಬುದು ಖಚಿತವಾಯಿತು. ಫಿಶರ್ ಅವರ ಅಧ್ಯಯನದಲ್ಲಿ ಗಡ್ಡೆ ತೆಗೆಸಿಕೊಂಡು ವಿಕಿರಣ ಪಡೆಯದವರ ಪೈಕಿ 100ಕ್ಕೆ ಸುಮಾರು 39 ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿತ್ತು. ಪಡೆದವರಲ್ಲಿ ಅದು ಸುಮಾರು 14ಕ್ಕೆ ಇಳಿದಿತ್ತು. ಕಣ್ಣಿಗೆ ಕಾಣದೆ ಉಳಿದ ಕೋಶಗಳನ್ನು ಹುಡುಕಿ ಮುಗಿಸುವುದೇ ಈ ಚಿಕಿತ್ಸೆಯ ಉದ್ದೇಶ. ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ ಗ್ರೇ: ಒಂದು ಕಿಲೋಗ್ರಾಂ ಅಂಗಾಂಶ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದನ್ನು ಒಂದು ಗ್ರೇ ಎನ್ನುತ್ತಾರೆ. ಹಿಂದೆ 50 ಗ್ರೇಯನ್ನು 25 ಕಂತುಗಳಲ್ಲಿ ಐದು ವಾರ ಕೊಡುತ್ತಿದ್ದರೆ, ಈಗ 40 ಗ್ರೇಯನ್ನು 15 ಕಂತುಗಳಲ್ಲಿ ಮೂರು ವಾರಕ್ಕೆ ಮುಗಿಸುವುದು ವ್ಯಾಪಕವಾಗಿದೆ. ಆಯ್ದ ರೋಗಿಗಳಿಗೆ 26 ಗ್ರೇಯನ್ನು ಐದೇ ಕಂತುಗಳಲ್ಲಿ, ಒಂದೇ ವಾರದಲ್ಲಿ ಕೊಡಬಹುದೆಂದು ಬ್ರಿಟನ್ನಿನ ಅಧ್ಯಯನವೊಂದು 2020ರಲ್ಲಿ ತೋರಿಸಿತು. ಊರು ಬಿಟ್ಟು ಬಂದು ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ ಉಳಿಯಬೇಕಾದವರಿಗೆ ಈ ಇಳಿಕೆ ಸಣ್ಣ ಸಂಗತಿಯಲ್ಲ.

ಕರ್ನಾಟಕದ ಹಳ್ಳಿಗಳಲ್ಲಿ ಈ ಚಿಕಿತ್ಸೆಯನ್ನು ‘ಕರೆಂಟ್ ಕೊಡುವುದು’ ಎಂದು ಕರೆಯುವುದುಂಟು. ಆ ಮಾತು ಎರಡು ತಪ್ಪು ಕಲ್ಪನೆಗಳನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ: ಮೈಗೆ ವಿದ್ಯುತ್ತು ಹಾಯಿಸುತ್ತಾರೆಂಬುದು ಒಂದಾದರೆ, ಆ ಶಕ್ತಿ ಮೈಯಲ್ಲೇ ಉಳಿದು ಹತ್ತಿರ ಬಂದವರಿಗೂ ತಗಲುತ್ತದೆಂಬುದು ಇನ್ನೊಂದು. ಹೊರಗಿನಿಂದ ಹಾಯಿಸುವ ಕಿರಣ ಎಕ್ಸ್-ರೇಯ ಹಾಗೆ ಮೈಯನ್ನು ಹೊಕ್ಕು ಹೊರಟುಹೋಗುವಂಥದ್ದು. ಯಂತ್ರ ನಿಂತ ಮರುಕ್ಷಣ ರೋಗಿಯ ಮೈಯಲ್ಲಿ ವಿಕಿರಣದ ಲವಲೇಶವೂ ಇರುವುದಿಲ್ಲ. ಆದರೂ ಮೊಮ್ಮಗುವನ್ನು ಎತ್ತಿಕೊಳ್ಳಗೊಡದ, ತಟ್ಟೆ ಲೋಟ ಬೇರೆ ಇಡುವ ಮನೆಗಳಿವೆ. ಚೇತರಿಕೆಗೆ ಮನೆಯವರು ಮಾಡಬಹುದಾದ ಮೊದಲ ಉಪಕಾರವೆಂದರೆ ಆ ತಟ್ಟೆಯನ್ನು ಮರಳಿ ಪಂಕ್ತಿಯೊಳಕ್ಕೆ ತರುವುದು.

ಚರ್ಮದ ತೊಂದರೆ ಚಿಕಿತ್ಸೆಯ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಶುರುವಾಗಿ, ಕೊನೆಯ ಕಂತಿನ ನಂತರ ಒಂದೆರಡು ವಾರಗಳಲ್ಲಿ ಉಲ್ಬಣ ಸ್ಥಿತಿಗೆ ಏರುತ್ತದೆ. ಅಂದರೆ ರೋಗಿ ಊರಿಗೆ ಮರಳಿ, ಕೇಳಿ ತಿಳಿಯಲು ವೈದ್ಯರೂ ದಾದಿಯರೂ ಹತ್ತಿರವಿಲ್ಲದ ಹೊತ್ತಿನಲ್ಲಿಯೇ ಅದು ಕೆರಳುತ್ತದೆ. ಚಿಕಿತ್ಸೆ ಕೆಟ್ಟಿತೋ ಏನೋ ಎಂಬ ಭಯ ಹುಟ್ಟುವುದು ಆಗಲೇ. ಪಾಶ್ಚಾತ್ಯ ಪುಸ್ತಕಗಳು ಇದನ್ನು ಕೆಂಪಾಗುವಿಕೆ ಎಂದು ಬಣ್ಣಿಸುತ್ತವೆ. ಕಂದು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದೆ, ಚರ್ಮ ಕಪ್ಪಿಟ್ಟು ಸುಟ್ಟಂತಾಗಿ ಒಣಗಿ ಸಿಪ್ಪೆಯೇಳುತ್ತದೆ. ಸ್ತನದ ಕೆಳಗಿನ ಮಡಿಕೆ ಮತ್ತು ಕಂಕುಳಲ್ಲಿ ಬೆವರೂ ತಿಕ್ಕಾಟವೂ ಕೂಡಿ, ಮೇಲ್ಪದರ ಕಿತ್ತು ನೀರೊಸರುವ ಹಸಿ ಹುಣ್ಣಾಗುವುದೂ ಉಂಟು. ರವಿಕೆಯ ಕೆಳಪಟ್ಟಿ ಬಿಗಿದು ಕೂರುವುದು ಸರಿಯಾಗಿ ಆ ಮಡಿಕೆಯ ಮೇಲೆಯೇ ಆದ್ದರಿಂದ, ಕೆಲವು ವಾರ ರವಿಕೆ ಮತ್ತು ಬ್ರಾ ಎರಡನ್ನೂ ಬಿಟ್ಟು ಹಳೆಯ, ತೊಳೆದು ತೊಳೆದು ಮೆತ್ತಗಾದ ಹತ್ತಿಯ ಅಂಗಿಯನ್ನು ಸಡಿಲವಾಗಿ ತೊಡುವುದು ಬೆಲೆಬಾಳುವ ಮುಲಾಮುಗಳಷ್ಟೇ ಸಹಾಯ ಮಾಡುತ್ತದೆ. ಉಗುರುಬೆಚ್ಚನೆಯ ನೀರು, ಸೌಮ್ಯವಾದ ಸೋಪು, ಉಜ್ಜದೆ ಒತ್ತಿ ಒರೆಸುವುದು, ವೈದ್ಯರು ಹೇಳಿದ ಲೇಪ: ಇಷ್ಟು ಸಾಕು. ಅರಿಸಿನ ಪುಡಿ, ಸೊಪ್ಪಿನ ರಸ, ಪೌಡರುಗಳನ್ನು ಹಚ್ಚಿದರೆ ಹಸಿ ಚರ್ಮ ಕೆರಳಿ ಸೋಂಕಿಗೆ ದಾರಿಯಾಗುತ್ತದೆ. ಬಹುತೇಕರಲ್ಲಿ ಚರ್ಮ ನಾಲ್ಕರಿಂದ ಆರು ವಾರಗಳಲ್ಲಿ ಮಾಯುತ್ತದೆ. ಕಪ್ಪು ಬಣ್ಣ ತಿಳಿಯಾಗಲು ತಿಂಗಳುಗಳೇ ಹಿಡಿಯುತ್ತವೆ.

ಕಣ್ಣಿಗೆ ಕಾಣದ ತೊಂದರೆಯೆಂದರೆ ದಣಿವು. ಅದು ಕೆಲಸ ಮಾಡಿ ಬರುವ ಆಯಾಸದಂತೆ ಒಂದು ರಾತ್ರಿಯ ನಿದ್ದೆಗೆ ಹೋಗುವಂಥದ್ದಲ್ಲ. ವಿಕಿರಣದ ಪರಿಣಾಮ ಅದು ಬಿದ್ದ ಜಾಗಕ್ಕಷ್ಟೇ ಸೀಮಿತವಾದ್ದರಿಂದ ಎದೆಗೆ ಕಿರಣ ಕೊಟ್ಟರೆ ತಲೆಗೂದಲು ಉದುರುವುದಿಲ್ಲ. ಹೀಗಾಗಿ ನೋಡಲು ಚೆನ್ನಾಗಿಯೇ ಕಾಣುವ ಸೊಸೆ ಮಧ್ಯಾಹ್ನ ಮಲಗಿದರೆ ಅದನ್ನು ಸೋಮಾರಿತನವೆಂದು ಎಣಿಸುವ ಅಪಾಯವಿದೆ. ದಿನವಿಡೀ ಹಾಸಿಗೆ ಹಿಡಿದರೆ ಈ ದಣಿವು ಹೆಚ್ಚುತ್ತದೆಂಬುದೂ, ದಿನಕ್ಕೆ ಅರ್ಧ ಗಂಟೆಯ ನಡಿಗೆಯಂಥ ಮಿತವಾದ ವ್ಯಾಯಾಮದಿಂದ ತಗ್ಗುತ್ತದೆಂಬುದೂ ಅಧ್ಯಯನಗಳಿಂದ ದೃಢಪಟ್ಟಿದೆ. ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುವವರೇ ಹೆಚ್ಚು. ತಿಂಗಳುಗಟ್ಟಲೆ ಎಳೆದರೆ ರಕ್ತಹೀನತೆ, ಥೈರಾಯ್ಡ್ ದೋಷ, ಖಿನ್ನತೆ ಇವೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.

ತೋಳಿನ ಕಥೆ ಹೆಚ್ಚು ದೀರ್ಘವಾದದ್ದು. ಅಂಗಾಂಶಗಳ ನಡುವೆ ಜಿನುಗಿದ ದ್ರವವನ್ನು, ಅಂದರೆ ದುಗ್ಧರಸವನ್ನು, ಸಣ್ಣ ನಾಳಗಳು ಒಟ್ಟುಗೂಡಿಸಿ ಕಂಕುಳ ಗ್ರಂಥಿಗಳ ಮೂಲಕ ರಕ್ತಕ್ಕೆ ಮರಳಿಸುತ್ತವೆ. ಶಸ್ತ್ರಕ್ರಿಯೆಯಲ್ಲಿ ಆ ಗ್ರಂಥಿಗಳು ಹೋಗಿ, ಉಳಿದ ನಾಳಗಳ ಸುತ್ತ ವಿಕಿರಣದಿಂದ ನಾರು ಬೆಳೆದರೆ ಹರಿವಿಗೆ ತಡೆಯಾಗಿ ತೋಳು ಊದಿಕೊಳ್ಳುತ್ತದೆ. ಇದಕ್ಕೆ ಲಿಂಫೆಡೀಮಾ ಎಂದು ಹೆಸರು. ಕಂಕುಳ ಗ್ರಂಥಿಗಳನ್ನೆಲ್ಲ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ. ಮೊದಲಿಗೆ ಸಿಗುವ ಒಂದೆರಡು ‘ಕಾವಲು ಗ್ರಂಥಿ’ಗಳನ್ನಷ್ಟೇ ತೆಗೆದು ಪರೀಕ್ಷಿಸುವ ವಿಧಾನದಲ್ಲಿ ಅಪಾಯ 100ಕ್ಕೆ ಆರರಷ್ಟಕ್ಕೆ ಇಳಿಯುತ್ತದೆ. ಊತವನ್ನು ಮೊದಲು ಕಂಡುಹಿಡಿಯುವುದು ಅನೇಕ ಸಲ ಬಳೆ. ಸಲೀಸಾಗಿ ಜಾರುತ್ತಿದ್ದ ಬಳೆ ಸಂಜೆಯ ಹೊತ್ತಿಗೆ ಮಣಿಕಟ್ಟಿನಲ್ಲಿ ಗೆರೆ ಮೂಡಿಸತೊಡಗಿದರೆ, ರವಿಕೆಯ ಒಂದು ತೋಳು ಮಾತ್ರ ಬಿಗಿಯೆನಿಸಿದರೆ, ಅಳತೆಪಟ್ಟಿ ಹಿಡಿದು ಎರಡೂ ತೋಳುಗಳನ್ನು ಅಳೆದು ನೋಡುವ ಕಾಲ ಬಂದಿದೆಯೆಂದೇ ಅರ್ಥ. ಈ ಹಂತದಲ್ಲಿ ತೋಳನ್ನು ಒತ್ತಿ ಹಿಡಿಯುವ ಬಿಗಿಯಾದ ‘ಒತ್ತುತೋಳು’ ತೊಡುವುದರಿಂದಲೂ ನುರಿತ ಫಿಸಿಯೋಥೆರಪಿಯಿಂದಲೂ ಊತವನ್ನು ಹಿಡಿತದಲ್ಲಿಡಬಹುದು, ಬಿಟ್ಟರೆ ತೋಳು ಗಟ್ಟಿಯಾಗಿ ಹಾಗೆಯೇ ಉಳಿದುಬಿಡುತ್ತದೆ.

ಆ ಕೈಯಲ್ಲಿ ಜನ್ಮವಿಡೀ ಭಾರ ಎತ್ತಬಾರದೆಂಬ ಉಪದೇಶ ಬಹುಕಾಲ ನಡೆದುಬಂದಿತ್ತು. ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಹಂತಹಂತವಾಗಿ ಭಾರ ಎತ್ತುವುದನ್ನು ರೂಢಿಸಿಕೊಂಡವರಲ್ಲಿ ಊತ ಹೆಚ್ಚಲಿಲ್ಲ. ಬಿಂದಿಗೆ ಹೊರುವ, ಕಳೆ ಕೀಳುವ ಕೈಗೆ ಈ ತಿಳಿವಳಿಕೆಯ ಬೆಲೆ ದೊಡ್ಡದು; ಆದರೆ ತುಂಬಿದ ಬಿಂದಿಗೆಯನ್ನು ಮೊದಲ ದಿನವೇ ಎತ್ತಲು ಅದು ಪರವಾನಗಿಯಲ್ಲ. ಭುಜ ಬಿಗಿಯುವುದು ಇನ್ನೊಂದು ತೊಡಕು. ಜಡೆ ಹೆಣೆಯಲು, ಅಟ್ಟದ ಮೇಲಿನ ಡಬ್ಬಿ ಇಳಿಸಲು ಕೈ ಏಳದಾಗ ಅದು ಗೊತ್ತಾಗುತ್ತದೆ. ಗೋಡೆಗೆ ಎದುರು ನಿಂತು ಬೆರಳುಗಳನ್ನು ಇರುವೆ ಹತ್ತಿದಂತೆ ಮೇಲೇರಿಸುತ್ತ, ಏರಿದ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕುತ್ತ ಹೋಗುವ ಸರಳ ವ್ಯಾಯಾಮವನ್ನು ಚಿಕಿತ್ಸೆ ಮುಗಿದ ನಂತರವೂ ಹಲವು ತಿಂಗಳು ಬಿಡಬಾರದು, ಏಕೆಂದರೆ ನಾರು ಬೆಳೆಯುವ ಕ್ರಿಯೆ ಅಷ್ಟು ಕಾಲವೂ ನಡೆಯುತ್ತಿರುತ್ತದೆ. ಈಳಿಗೆಮಣೆಯ ಸಣ್ಣ ಗಾಯವಾಗಲಿ ಮುಳ್ಳಿನ ಗೀರಾಗಲಿ ಆ ಕೈಯಲ್ಲಿ ಕೆಂಪೇರಿ ಜ್ವರ ಬಂದರೆ ಅಂದೇ ವೈದ್ಯರ ಬಳಿಗೆ ಹೋಗಬೇಕು.

ಎದೆಗೂಡಿನೊಳಗಿನ ಅಂಗಗಳ ಪೈಕಿ ಹೆಚ್ಚು ಚರ್ಚೆಯಾಗಿರುವುದು ಹೃದಯ. ಸ್ವೀಡನ್ ಮತ್ತು ಡೆನ್ಮಾರ್ಕಿನಲ್ಲಿ 1958ರಿಂದ 2001ರವರೆಗೆ ವಿಕಿರಣ ಪಡೆದ ಮಹಿಳೆಯರ ದಾಖಲೆಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೃದಯಕ್ಕೆ ಬಿದ್ದ ಸರಾಸರಿ ಪ್ರಮಾಣ ಒಂದು ಗ್ರೇಯಷ್ಟು ಹೆಚ್ಚಿದಂತೆ ಹೃದಯಾಘಾತದಂಥ ಘಟನೆಗಳ ಅಪಾಯ ಶೇ. 7.4ರಷ್ಟು ಏರುತ್ತದೆ. ಇದು ಆಯಾ ವ್ಯಕ್ತಿಗೆ ಮೊದಲೇ ಇರುವ ಅಪಾಯದ ಮೇಲಿನ ಏರಿಕೆಯಾದ್ದರಿಂದ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಇದ್ದವರಿಗೇ ಹೆಚ್ಚು ಭಾರವಾಗುತ್ತದೆ. ಎಡ ಸ್ತನಕ್ಕೆ ಕಿರಣ ಕೊಡುವಾಗ ಉಸಿರನ್ನು ಆಳವಾಗಿ ಎಳೆದು ಹಿಡಿಸಿ, ಹೃದಯ ಎದೆಯ ಗೋಡೆಯಿಂದ ದೂರ ಸರಿದ ಆ ಕೆಲವು ಸೆಕೆಂಡುಗಳಲ್ಲೇ ಯಂತ್ರ ಚಾಲೂ ಮಾಡುವ ವಿಧಾನ ಈಗ ಬಂದಿರುವುದರಿಂದ ಹೃದಯಕ್ಕೆ ಬೀಳುವ ಪ್ರಮಾಣ ಹಿಂದಿಗಿಂತ ಬಹಳ ತಗ್ಗಿದೆ.

ಮಾತ್ರೆಗಳ ವಿಷಯದಲ್ಲಿ ಮನೆಮಂದಿಗೆ ಗೊಂದಲ ಹೆಚ್ಚು. ಹಾರ್ಮೋನಿಗೆ ಸ್ಪಂದಿಸುವ ಬಗೆಯ ಕ್ಯಾನ್ಸರ್ ಇದ್ದವರು ಟ್ಯಾಮಾಕ್ಸಿಫೆನ್‌ನಂಥ ಮಾತ್ರೆಯನ್ನು ಐದರಿಂದ ಹತ್ತು ವರ್ಷ ನುಂಗಬೇಕಾಗುತ್ತದೆ. ಕಾಯಿಲೆಯೇ ಇಲ್ಲದಿರುವಾಗ ಮಾತ್ರೆಯೇಕೆಂದು ನಿಲ್ಲಿಸಿಬಿಡುವುದು ದೊಡ್ಡ ತಪ್ಪು. ಪಥ್ಯದ ಹೆಸರಲ್ಲಿ ಬದನೆಕಾಯಿ, ಮೊಟ್ಟೆ, ಮೀನುಗಳನ್ನು ‘ನಂಜು’ ಎಂದು ಬಿಡಿಸುವುದಕ್ಕೆ ಆಧಾರವಿಲ್ಲ, ಗಾಯ ಮಾಯಲು ಬೇಕಾದ ಪ್ರೋಟೀನ್ ಅದರಿಂದ ಕೈತಪ್ಪುತ್ತದೆ ಅಷ್ಟೆ. ವರ್ಷಕ್ಕೊಂದು ಮ್ಯಾಮೋಗ್ರಾಮ್ ಅಂದರೆ ಸ್ತನದ ಎಕ್ಸ್-ರೇ, ಮೊದಲ ವರ್ಷಗಳಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ವೈದ್ಯರ ತಪಾಸಣೆ: ರೋಗಲಕ್ಷಣವಿಲ್ಲದವರಿಗೆ ಇಷ್ಟು ಸಾಕು, ಪ್ರತಿಸಲವೂ ಇಡೀ ಮೈಯ ಸ್ಕ್ಯಾನ್ ಬೇಕಿಲ್ಲ. ಆದರೂ ತಪಾಸಣೆಯ ದಿನ ಹತ್ತಿರವಾದಂತೆ ನಿದ್ದೆಗೆಡುವುದು ಈ ಹಾದಿಯಲ್ಲಿ ನಡೆದವರಿಗೆಲ್ಲ ಪರಿಚಿತ. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳಿಗೆ ದೂರದ ಜಿಲ್ಲೆಗಳಿಂದ ಬರುವವರಿಗೆ, ಮೈ ನೆಟ್ಟಗಿರುವಾಗ ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಈ ತಪಾಸಣೆಗಾಗಿ ಕಳೆಯುವುದು ಸುಲಭವಲ್ಲ.

ಇದೆಲ್ಲದರ ನಡುವೆ ಬೀರುವಿನ ಮೇಲೆ ಧೂಳು ಹಿಡಿಯುವ ವಸ್ತುವೆಂದರೆ ಆಸ್ಪತ್ರೆಯ ಫೈಲು. ಯಾವ ಬದಿಗೆ, ಎಷ್ಟು ಗ್ರೇ, ಎಷ್ಟು ಕಂತು, ಯಾವ ತಿಂಗಳು ಎಂದು ಬರೆದ ಒಂದು ಹಾಳೆ ಅದರಲ್ಲಿರುತ್ತದೆ. ಆ ಹಾಳೆಯ ಅಗತ್ಯ ಬೀಳುವುದು ಮುಂದೆ ಎದೆಯ ತೊಂದರೆ ಕಾಣಿಸಿಕೊಂಡಾಗ. ಚಿಕಿತ್ಸೆ ಮುಗಿದ ಒಂದರಿಂದ ಆರು ತಿಂಗಳೊಳಗೆ ಕೆಲವರಿಗೆ ಒಣಕೆಮ್ಮು, ಏದುಸಿರು, ಸಣ್ಣ ಜ್ವರ ಕಾಣಿಸಿಕೊಳ್ಳುತ್ತವೆ; ಕಿರಣ ತಗುಲಿದ ಶ್ವಾಸಕೋಶದ ಅಂಚಿನ ಉರಿಯೂತವಾದ ಇದನ್ನು ನ್ಯೂಮೋನೈಟಿಸ್ ಎನ್ನುತ್ತಾರೆ, ತೀವ್ರವಾದರೆ ಸ್ಟೀರಾಯ್ಡ್ ಮಾತ್ರೆಗಳಿಂದ ಶಮನವಾಗುತ್ತದೆ. ಕತ್ತಿನ ಬುಡದ ಗ್ರಂಥಿಗಳಿಗೂ ವಿಕಿರಣ ಕೊಟ್ಟಿದ್ದರೆ ಶ್ವಾಸಕೋಶದ ಮೇಲ್ತುದಿಯಲ್ಲಿ ಉಳಿಯುವ ಕಲೆ ಎಕ್ಸ್-ರೇಯಲ್ಲಿ ಕ್ಷಯದ ಕಲೆಯಂತೆಯೇ ಕಾಣಬಲ್ಲದು. ತಾಲ್ಲೂಕು ಆಸ್ಪತ್ರೆಯ ವೈದ್ಯರ ಮೇಜಿನ ಮೇಲೆ ಆ ಎಕ್ಸ್-ರೇಯ ಪಕ್ಕದಲ್ಲಿ ಈ ಹಾಳೆಯೂ ಇದ್ದರೆ, ಕ್ಷಯದ ಮಾತ್ರೆ ಬರೆಯುವ ಮುನ್ನ ಅವರು ಕಫದ ಪರೀಕ್ಷೆಯ ವರದಿಗಾಗಿ ಕಾಯುತ್ತಾರೆ.