ಕಾಣದ ಗೆಳೆಯನಿಗೆ ಹೇಳುವ ‘ಖೋ’

ಖೋ-ಖೋ ಆಡಿದವರಿಗೆಲ್ಲ ಒಂದು ನಿಯಮ ಚೆನ್ನಾಗಿ ಗೊತ್ತು. ಅಟ್ಟಿಸಿಕೊಂಡು ಓಡುವವನು ಸಾಲಿನಲ್ಲಿ ಕುಳಿತವನ ಬೆನ್ನು ಮುಟ್ಟಿದರೆ ಸಾಲದು, ಕೇಳುವಂತೆ ‘ಖೋ’ ಎನ್ನಲೂ ಬೇಕು. ಬಾಯಿ ಬಿಡದೆ ಮುಟ್ಟಿದರೆ ಅದು ಫೌಲ್. ಕಾಲು ಎಷ್ಟೇ ಚುರುಕಾಗಿರಲಿ, ಆ ಒಂದು ಅಕ್ಷರವನ್ನು ಸರಿಯಾದ ಹೊತ್ತಿಗೆ ಹೇಳಲು ಬಾರದಿದ್ದರೆ ತಂಡ ಸೋಲುತ್ತದೆ. ಕೂಡಿ ಆಡುವ ಆಟವೆಂದರೆ ಅರ್ಧ ಓಟ, ಅರ್ಧ ಮಾತು.

ಈಗಿನ ಮಕ್ಕಳು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಆಡುವ ಆನ್‌ಲೈನ್ ಆಟಗಳಲ್ಲೂ ಇಂಥ ‘ಖೋ’ ಇದೆ. ನನ್ನ ಮೊಮ್ಮಗ ಇಯರ್‌ಫೋನ್ ಸಿಕ್ಕಿಸಿಕೊಂಡು, “ಎಡಗಡೆ ಇಬ್ಬರಿದ್ದಾರೆ, ನನ್ನ ಹತ್ತಿರ ಔಷಧಿ ಇದೆ, ಈ ಕಡೆ ಬಾ” ಎಂದು ಕೂಗುವುದನ್ನು ಪಕ್ಕದ ಕುರ್ಚಿಯಲ್ಲಿ ಕುಳಿತು ಎಷ್ಟೋ ಭಾನುವಾರ ಕೇಳಿದ್ದೇನೆ. ಹೊರಗಿನಿಂದ ನೋಡುವವರಿಗೆ ಅದು ಬರೀ ಗಲಾಟೆ. ಸ್ವಲ್ಪ ಕಿವಿಗೊಟ್ಟರೆ ಅದರಲ್ಲಿ ಮೂರು ಸಂಗತಿಗಳಿರುವುದು ತಿಳಿಯುತ್ತದೆ: ಅಪಾಯ ಎಲ್ಲಿದೆ, ನನ್ನಲ್ಲಿ ಏನಿದೆ, ನೀನು ಏನು ಮಾಡಬೇಕು. ಎಂಟೊಂಬತ್ತು ಪದಗಳಲ್ಲಿ ಇಷ್ಟನ್ನು ಹೇಳುವುದು ದೊಡ್ಡವರಿಗೂ ಸುಲಭವಲ್ಲ.

ಬೇರೆ ಬೇರೆ ಕಡೆ ಕುಳಿತವರು ಒಂದೇ ಆಟದೊಳಗೆ ಸೇರುವ ಪದ್ಧತಿ ನಾವು ತಿಳಿದಷ್ಟು ಹೊಸದಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ‘ಮಡ್’ ಎಂಬ ಆಟ ಆರಂಭಿಸಿದರು. ಅದನ್ನು ರಿಚರ್ಡ್ ಬಾರ್ಟಲ್ ಮುಂದುವರಿಸಿದರು. ಅದರಲ್ಲಿ ಚಿತ್ರವೇ ಇರಲಿಲ್ಲ. ಗುಹೆ, ಕಾಡು, ನಿಧಿ ಎಲ್ಲವೂ ಅಕ್ಷರದಲ್ಲೇ. ಆಟಗಾರರು ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನು ಟೈಪ್ ಮಾಡಬೇಕಿತ್ತು.

2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ಈ ಕೂಡಾಟ ಬಹಳ ದೊಡ್ಡದಾಗಿ ಬೆಳೆಯಿತು. ಅದರಲ್ಲಿ ಮೋಲ್ಟನ್ ಕೋರ್ ಎಂಬ ಬೆಂಕಿಯ ಗುಹೆಯಿದೆ. ಆಗ ಅಲ್ಲಿಗೆ 40 ಜನರವರೆಗಿನ ದಂಡು ಹೋಗುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಕೆಲವರು ರಾಕ್ಷಸನ ಸಿಟ್ಟನ್ನು ತಮ್ಮ ಮೇಲೆ ಎಳೆದುಕೊಂಡು ಪೆಟ್ಟು ತಿನ್ನಬೇಕು, ಕೆಲವರು ಗಾಯ ಮಾಯಿಸಬೇಕು, ಉಳಿದವರು ಹೊಡೆಯಬೇಕು. ಹೊರಡುವ ಮುನ್ನ ನಾಯಕ “ಸಿದ್ಧರಿದ್ದೀರಾ?” ಎಂಬ ಗುಂಡಿ ಒತ್ತುತ್ತಾನೆ. ಯಾರು ಹೌದು ಎಂದರು, ಯಾರು ಇನ್ನೂ ಸಿದ್ಧರಿಲ್ಲ ಎಂಬುದು ಅವನಿಗೆ ಕಾಣುತ್ತದೆ.

ಆ ಗುಹೆಯಲ್ಲಿ ಬ್ಯಾರನ್ ಗೆಡ್ಡನ್ ಎಂಬ ಬೆಂಕಿರಾಕ್ಷಸನಿದ್ದಾನೆ. ಅವನು ಇದ್ದಕ್ಕಿದ್ದಂತೆ ಆಟಗಾರರಲ್ಲಿ ಒಬ್ಬನನ್ನು ಜೀವಂತ ಬಾಂಬಾಗಿ ಮಾಡಿಬಿಡುತ್ತಾನೆ! ಆಗ ಅವನು ಕೆಲವೇ ಸೆಕೆಂಡುಗಳಲ್ಲಿ ಗೆಳೆಯರನ್ನು ಬಿಟ್ಟು ದೂರ ಓಡಬೇಕು. ಓಡದಿದ್ದರೆ ಸುತ್ತಲಿದ್ದವರೆಲ್ಲ ಪೆಟ್ಟು ತಿನ್ನುತ್ತಾರೆ. ಅವನು ತನ್ನ ಪರದೆಯ ಎಚ್ಚರಿಕೆ ಗಮನಿಸದೆ ಹೋದರೆ “ನೀನೇ ಬಾಂಬು, ಓಡು!” ಎಂದು ಬೇರೆಯವರಾದರೂ ಕೂಗಬೇಕು. ನನಗೆ ಬಂದ ಕಷ್ಟವನ್ನು ಗುಂಪಿಗೆ ಹೇಳಬೇಕು, ಗುಂಪಿಗೆ ಕಂಡದ್ದನ್ನು ನಾನು ಕೇಳಬೇಕು. ಎರಡರಲ್ಲಿ ಒಂದು ತಪ್ಪಿದರೂ ಎಲ್ಲರೂ ಗುಹೆಯ ಬಾಗಿಲಿನಿಂದ ಮತ್ತೆ ಶುರುಮಾಡಬೇಕಾದೀತು.

ಮೈಕ್ ಇಲ್ಲದವರು, ಪರಭಾಷೆಯವರು ಏನು ಮಾಡುತ್ತಾರೆ? ಅದಕ್ಕೂ ದಾರಿ ಹುಡುಕಿದ್ದಾರೆ. 2019ರಲ್ಲಿ ಬಂದ ‘ಏಪೆಕ್ಸ್ ಲೆಜೆಂಡ್ಸ್’ ಆಟದಲ್ಲಿ ಬೆರಳು ಮಾಡಿ ತೋರಿಸುವಂಥ ಒಂದು ಗುಂಡಿ ಇದೆ. ಅದಕ್ಕೆ ಪಿಂಗ್ ಎನ್ನುತ್ತಾರೆ. ಶತ್ರು ಕಂಡ ಕಡೆ ಒತ್ತಿದರೆ ಜೊತೆಗಾರರ ಪರದೆಯಲ್ಲಿ ಅದೇ ಜಾಗದಲ್ಲಿ ಗುರುತು ಮೂಡುತ್ತದೆ. ನೆಲದಲ್ಲಿ ಬಿದ್ದ ವಸ್ತುವನ್ನು ತೋರಿಸಿದರೆ ಇನ್ನೊಬ್ಬ ಅದು ತನಗೆ ಬೇಕೆಂದು ಅದೇ ರೀತಿ ಉತ್ತರಿಸಬಹುದು. ಆ ಉತ್ತರದ ಬೆಲೆ ನನಗೆ ಗೊತ್ತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಲೆಕ್ಕ ತಾಳೆ ನೋಡಲು ಒಬ್ಬ ಅಂಕಿ ಓದುತ್ತಿದ್ದ, ಇನ್ನೊಬ್ಬ ಲೆಡ್ಜರಿನಲ್ಲಿ ಗುರುತು ಹಾಕಿ ‘ಸರಿ’ ಎನ್ನುತ್ತಿದ್ದ. ‘ಸರಿ’ ಕೇಳಿಸದೆ ಮುಂದಿನ ಅಂಕಿ ಓದುವಂತಿರಲಿಲ್ಲ. ಹೇಳುವುದು ಎಷ್ಟು ಮುಖ್ಯವೋ, ಕೇಳಿಸಿತೆಂದು ತಿಳಿಸುವುದೂ ಅಷ್ಟೇ ಮುಖ್ಯ.

ಮಾತೇ ಇಲ್ಲದ ಆಟವೂ ಒಂದಿದೆ. 2012ರಲ್ಲಿ ಬಂದ ‘ಜರ್ನಿ’ಯಲ್ಲಿ ಮರಳುಗಾಡಿನಲ್ಲಿ ಒಂಟಿಯಾಗಿ ನಡೆಯುವಾಗ ಇನ್ನೆಲ್ಲಿಂದಲೋ ಆಡುತ್ತಿರುವ ಅಪರಿಚಿತ ಸಹಪಯಣಿಗನೊಬ್ಬ ಸಿಗುತ್ತಾನೆ. ಮಾತಾಡುವಂತಿಲ್ಲ, ಬರೆಯುವಂತಿಲ್ಲ, ಹಕ್ಕಿಯಂತೆ ಒಂದು ಸ್ವರ ಹೊರಡಿಸಬಹುದು, ಅಷ್ಟೇ. ಆಟ ಮುಗಿದ ಮೇಲೆಯೇ ಜೊತೆ ನಡೆದವರ ಹೆಸರು ಕಾಣುವುದು. ಇದನ್ನು ರೂಪಿಸುವಾಗ ಒಂದು ತಮಾಷೆ ನಡೆಯಿತು. ಮೊದಲ ಮಾದರಿಯಲ್ಲಿ ಒಬ್ಬರನ್ನೊಬ್ಬರು ತಳ್ಳಲು ಸಾಧ್ಯವಿತ್ತು. ಜನ ಸಹಾಯ ಮಾಡುವ ಬದಲು ಜೊತೆಗಾರನನ್ನು ಹಳ್ಳಕ್ಕೆ ತಳ್ಳಿ ಮೋಜು ನೋಡತೊಡಗಿದರು! ಆಗ ಜೆನೋವಾ ಚೆನ್ ಮತ್ತು ಅವರ ತಂಡದವರು ತಳ್ಳುವ ಅವಕಾಶವನ್ನೇ ತೆಗೆದುಹಾಕಿದರು. ಹತ್ತಿರ ಬಂದು ಮುಟ್ಟಿದರೆ ಇಬ್ಬರಿಗೂ ಹಾರುವ ಶಕ್ತಿ ತುಂಬುವಂತೆ ಮಾಡಿದರು. ಜನ ಒಟ್ಟೊಟ್ಟಿಗೆ ನಡೆಯತೊಡಗಿದರು. ಮನುಷ್ಯರು ಅವರೇ, ಬದಲಾದದ್ದು ನಿಯಮ.

ಇನ್ನು ನಾರ್ವೆ ದೇಶದ ಮಾಟ್ಸ್ ಸ್ಟೀನ್ ಎಂಬ ತರುಣನ ಕಥೆ. ಮಾಂಸಖಂಡಗಳು ವರ್ಷದಿಂದ ವರ್ಷಕ್ಕೆ ಸೊರಗುವ ಡುಶೆನ್ ಎಂಬ ಕಾಯಿಲೆ ಅವನಿಗೆ ಹುಟ್ಟಿನಿಂದಲೇ ಇತ್ತು. ಗಾಲಿಕುರ್ಚಿಯಲ್ಲಿ ಕುಳಿತು ಅವನು ಆಡುತ್ತಿದ್ದದ್ದು ಇದೇ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಅದರೊಳಗೆ ಅವನ ಹೆಸರು ಇಬೆಲಿನ್. ಓಡಬಲ್ಲ, ಗಟ್ಟಿಮುಟ್ಟಾದ ಆಳು. ಮಗ ಗೆಳೆಯರಿಲ್ಲದೆ ಒಂಟಿಯಾಗಿ ಬಾಳಿದ ಎಂದೇ ತಂದೆತಾಯಿ ಕೊರಗುತ್ತಿದ್ದರು. 2014ರಲ್ಲಿ, 25ನೇ ವಯಸ್ಸಿನಲ್ಲಿ ಮಾಟ್ಸ್ ತೀರಿಕೊಂಡ. ಅವನು ಬರೆಯುತ್ತಿದ್ದ ಬ್ಲಾಗಿನಲ್ಲಿ ಮನೆಯವರು ಸಾವಿನ ಸುದ್ದಿ ಹಾಕಿದರು. ಓದುವವರು ಯಾರಿದ್ದಾರೆ ಎಂದುಕೊಂಡಿದ್ದವರಿಗೆ ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು. ಎಲ್ಲರೂ ಆಟದಲ್ಲಿ ಅವನ ‘ಸ್ಟಾರ್‌ಲೈಟ್’ ಬಳಗದವರು. ಅವರಲ್ಲಿ ಕೆಲವರು ಅಂತ್ಯಕ್ರಿಯೆಗೂ ಬಂದರು. ತಮ್ಮ ಕಷ್ಟವನ್ನು ಅವನು ತಾಳ್ಮೆಯಿಂದ ಕೇಳುತ್ತಿದ್ದ ಎಂದು ಆ ಗೆಳೆಯರು ನೆನೆದರು. ಮಗನೊಂದಿಗೆ ಸಂಪರ್ಕವೇ ಕಡಿದುಹೋಗುತ್ತಿದೆ ಎಂದು ನೊಂದ ತಾಯಿಯೊಬ್ಬಳಿಗೆ, ಆಟದೊಳಗೇ ಮಗನ ಜೊತೆ ಮಾತಾಡಲು ಅವನು ದಾರಿ ತೋರಿಸಿದ್ದ. 2024ರಲ್ಲಿ ಅವನ ಬದುಕಿನ ಸಾಕ್ಷ್ಯಚಿತ್ರವೂ ಬಂತು. ಓಡಲಾಗದವನನ್ನು ಅಷ್ಟು ಜನರ ಹತ್ತಿರಕ್ಕೆ ಒಯ್ದದ್ದು ಅವನು ಆಡಿದ ಮಾತು, ಕೇಳಿಸಿಕೊಂಡ ಕಿವಿ.

ಹಾಗೆಂದು ಆಟದಲ್ಲಿ ಸಿಗುವವರೆಲ್ಲ ಮಾಟ್ಸ್‌ನಂಥವರಲ್ಲ. ಸೋತಾಗ ಕೆಟ್ಟ ಮಾತು ಆಡುವವರಿದ್ದಾರೆ, ಸ್ನೇಹದ ಸೋಗಿನಲ್ಲಿ ವಂಚಿಸುವವರೂ ಇದ್ದಾರೆ. ಮಕ್ಕಳೇ, ಊರು, ಶಾಲೆ, ಫೋನ್ ನಂಬರು, ಫೋಟೋ, ಓಟಿಪಿ, ಇವುಗಳಲ್ಲಿ ಯಾವುದೂ ಆಟಕ್ಕೆ ಬೇಕಾದ ಮಾಹಿತಿಯಲ್ಲ. ಕೇಳಿದವರಿಗೆ ಕೊಡಬೇಡಿ. ಹೊಲಸು ಮಾತು ಬಂದರೆ ಧ್ವನಿ ನಿಲ್ಲಿಸುವ, ತಡೆಯುವ, ದೂರು ಕೊಡುವ ಸೌಲಭ್ಯ ಎಷ್ಟೋ ಆಟಗಳಲ್ಲಿದೆ. “ಮನೆಯಲ್ಲಿ ಹೇಳಬೇಡ” ಎಂದು ಯಾರಾದರೂ ಅಂದರೆ, ಅದನ್ನೇ ಮನೆಯಲ್ಲಿ ಮೊದಲು ಹೇಳಿ. ಹಣದ ಮೋಸವಾದರೆ 1930ಕ್ಕೂ, ಮಕ್ಕಳಿಗೆ ತೊಂದರೆಯಾದರೆ 1098ಕ್ಕೂ ಕರೆ ಮಾಡಬಹುದು.

ನನ್ನ ವಾರಿಗೆಯ ಅಜ್ಜ-ಅಜ್ಜಿಯಂದಿರಿಗೂ ಒಂದು ಮಾತು. ಇಂಥ ಆಟವನ್ನು ಚದುರಂಗದ ಮಣೆಯಂತೆ ಅರ್ಧಕ್ಕೆ ನಿಲ್ಲಿಸಿ ಊಟಕ್ಕೆ ಬರಲಾಗುವುದಿಲ್ಲ. ನಡುವೆ ಎದ್ದುಬಂದರೆ ಜೊತೆಗಾರರು ಕೈಕಟ್ಟಿ ಸೋಲುತ್ತಾರೆ. ಆದ್ದರಿಂದ ಸುತ್ತು ಶುರುವಾಗುವ ಮೊದಲೇ “ಇದು ಮುಗಿದರೆ ಊಟ” ಎಂದು ಒಪ್ಪಂದ ಮಾಡಿಕೊಳ್ಳುವುದು ಒಳ್ಳೆಯದು. ಮಕ್ಕಳೂ ಆ ಒಪ್ಪಂದಕ್ಕೆ ತಪ್ಪಬಾರದು. ತಂಡಕ್ಕೆ ಕೊಟ್ಟ ಮಾತಿನಷ್ಟೇ ಅಜ್ಜಿಗೆ ಕೊಟ್ಟ ಮಾತೂ ದೊಡ್ಡದು. “ಎಷ್ಟು ಹೊತ್ತು ಆಡಿದೆ?” ಎಂದು ನಾವು ದಿನವೂ ಕೇಳುತ್ತೇವೆ. ಅದರ ಜೊತೆಗೆ “ಯಾರ ಜೊತೆ ಆಡಿದೆ? ಯಾರಿಗೆ ಸಹಾಯ ಮಾಡಿದೆ? ಸೋತವನಿಗೆ ಏನು ಹೇಳಿದೆ?” ಎಂದೂ ಕೇಳೋಣ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ ಹಿರಿಯರು. ಆಡುವ ಅಂಗಳ ಶಾಲೆಯ ಬಯಲಾಗಲಿ, ಅಂಗೈಯಗಲದ ಪರದೆಯಾಗಲಿ, ಈ ಗಾದೆ ಎರಡು ಕಡೆಗೂ ಸಲ್ಲುತ್ತದೆ.