ಬೀಗ ಹಾಕಿದ ಡಿಸ್ಕಿನ ತಕರಾರು

ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರನ್ನು ಅಂಗಡಿಯ ಜಾಹೀರಾತು ಪರದೆಗೋ ನೀರಿನ ಟ್ಯಾಂಕಿನ ನಿಗಾಕ್ಕೋ ಜೋಡಿಸಿದವರಿಗೆ ಅದರ ಪರಮ ಶತ್ರು ಯಾರೆಂದು ಚೆನ್ನಾಗಿ ಗೊತ್ತು: ಹೇಳದೆ ಕೇಳದೆ ಹೋಗುವ ಕರೆಂಟು. ಇಡೀ ಆಪರೇಟಿಂಗ್ ಸಿಸ್ಟಂ ಇರುವುದು ಉಗುರಗಲದ ಎಸ್‌ಡಿ ಕಾರ್ಡಿನಲ್ಲಿ. ಅದರ ಮೇಲೆ ಏನೋ ಬರೆಯುತ್ತಿರುವಾಗ ಕರೆಂಟು ಕೈಕೊಟ್ಟರೆ ಆ ಫೈಲಿನ ಜೊತೆಗೆ ಅದಕ್ಕೆ ಸಂಬಂಧವೇ ಇಲ್ಲದ ಫೈಲುಗಳೂ ಕೆಡಬಹುದು. ಕಾರ್ಡಿನ ಫ್ಲ್ಯಾಶ್ ಮೆಮೊರಿ ಅಳಿಸುವುದು ದೊಡ್ಡ ದೊಡ್ಡ ಬ್ಲಾಕುಗಳ ಲೆಕ್ಕದಲ್ಲಿ, ಒಂದೇ ಬ್ಲಾಕಿನಲ್ಲಿ ಬೇರೆ ಫೈಲುಗಳ ಭಾಗಗಳೂ ಇರಬಹುದು. ಅದಕ್ಕೇ ತಿಳಿದವರು ರೂಟ್ ಫೈಲ್ ಸಿಸ್ಟಂ ಅನ್ನು, ಅಂದರೆ ವ್ಯವಸ್ಥೆಯ ಮೂಲ ಫೈಲುಗಳಿರುವ ಭಾಗವನ್ನು, ರೀಡ್-ಓನ್ಲಿ ಮಾಡಿಬಿಡುತ್ತಾರೆ. ಓದಬಹುದು, ಬರೆಯುವಂತಿಲ್ಲ. ಕ್ರೋಮ್ ಓಎಸ್, ಆಂಡ್ರಾಯ್ಡ್, 2019ರ ಕ್ಯಾಟಲಿನಾ ಆವೃತ್ತಿಯಿಂದೀಚಿನ ಆಪಲ್ ಮ್ಯಾಕ್ ಎಲ್ಲವೂ ಇದೇ ದಾರಿ ಹಿಡಿದಿವೆ. ಆದರೆ ಸಾಮಾನ್ಯ ಲಿನಕ್ಸಿಗೆ ನಾವೇ ಈ ಬೀಗ ಜಡಿದರೆ ಮುಂದಿನ ಬೂಟ್‌ನಲ್ಲೇ ತಕರಾರು ಶುರು. ಜನ ಬೀಗವನ್ನು ಬೈಯುತ್ತಾರೆ. ನನಗನ್ನಿಸುವಂತೆ ಬೀಗದ್ದು ತಪ್ಪಿಲ್ಲ. ಮೊದಲಿನಿಂದಲೂ ಇದ್ದ ಗೋಜಲನ್ನು ಅದು ಬಯಲಿಗೆಳೆಯುತ್ತದೆ, ಅಷ್ಟೆ.

ಗೋಜಲು ಇರುವುದು ‘ಎಟ್ಸಿ’ ಎಂಬ ಫೋಲ್ಡರಿನಲ್ಲಿ. ಎಲ್ಲ ಯಂತ್ರಗಳಿಗೂ ಸಮಾನವಾದ ಸೆಟ್ಟಿಂಗುಗಳು, ಈ ಒಂದು ಯಂತ್ರದ ಗುರುತು, ಈ ಹೊತ್ತಿಗಷ್ಟೇ ಬೇಕಾದ ಮಾಹಿತಿ, ಮೂರೂ ಅಲ್ಲಿ ಅಕ್ಕಪಕ್ಕದಲ್ಲೇ ಬಿದ್ದಿರುತ್ತವೆ. ಬರೆಯಲು ಬರುವವರೆಗೆ ಈ ವ್ಯತ್ಯಾಸ ಯಾರಿಗೂ ಬೇಕಿಲ್ಲ. ಮಷೀನ್-ಐಡಿ ಫೈಲನ್ನೇ ನೋಡಿ: 32 ಅಕ್ಷರ-ಅಂಕಿಗಳ ಒಂದೇ ಸಾಲು, ಮೊದಲ ಬೂಟ್‌ನಲ್ಲಿ ಲಿನಕ್ಸಿನ ಸೇವೆಗಳನ್ನು ಶುರುಮಾಡುವ ಸಿಸ್ಟಂಡಿ ಎಂಬ ಪ್ರೋಗ್ರಾಂ ಹುಟ್ಟಿಸಿ ಬರೆದಿಡುವ ಸಂಖ್ಯೆ. ಡಿಸ್ಕಿಗೆ ಬೀಗ ಬಿದ್ದಾಗ ಆ ಫೈಲು ಖಾಲಿಯಿದ್ದರೆ ಸಿಸ್ಟಂಡಿ ತಾತ್ಕಾಲಿಕ ಸಂಖ್ಯೆಯೊಂದನ್ನು ರ‍್ಯಾಮ್‌ನಲ್ಲಿ ಮಾಡಿ ಅದರ ಮೇಲೆ ಹೊದಿಸುತ್ತದೆ. ಪ್ರತಿ ಬೂಟ್‌ಗೂ ಹೊಸ ಸಂಖ್ಯೆ, ಅಂದರೆ ಲಾಗ್‌ಗಳ ಲೆಕ್ಕದಲ್ಲಿ ಪ್ರತಿ ಸಲವೂ ಹೊಸ ಯಂತ್ರ. ಕೆಲವು ನೆಟ್‌ವರ್ಕ್ ತಂತ್ರಾಂಶಗಳು ಈ ಸಂಖ್ಯೆಯ ಆಧಾರದಲ್ಲೇ ರೌಟರಿಗೆ ತಮ್ಮ ಪರಿಚಯ ಹೇಳುವುದರಿಂದ ಐಪಿ ವಿಳಾಸವೂ ಬದಲಾಗಬಹುದು. ಹಾಗೆಂದು ಸಂಖ್ಯೆಯನ್ನು ಮೊದಲೇ ಬರೆದಿಟ್ಟು ಕಾರ್ಡನ್ನು ನೂರು ಪ್ರತಿ ತೆಗೆದರೆ ನೂರು ಯಂತ್ರಗಳಿಗೂ ಒಂದೇ ಗುರುತು. ದೂರದಿಂದ ಲಾಗಿನ್ ಆಗುವಾಗ ಯಂತ್ರದ ಗುರುತು ಹೇಳುವ ಎಸ್ಎಸ್ಎಚ್ ಕೀಲಿಗಳ ವಿಷಯದಲ್ಲಿ ಇದು ನೇರ ಅಪಾಯ: ಒಂದು ಯಂತ್ರದ ಗುಟ್ಟು ಹೊರಬಿದ್ದರೆ ಎಲ್ಲದರದ್ದೂ ಬಿದ್ದಂತೆ. ಸಂಶೋಧಕಿ ನಾಡಿಯಾ ಹೆನಿಂಗರ್ ಮತ್ತು ಸಂಗಡಿಗರು 2012ರಲ್ಲಿ ಇಂಟರ್ನೆಟ್ಟನ್ನೇ ಜಾಲಾಡಿ, ಒಂದೇ ಕೀಲಿಯನ್ನು ಹಂಚಿಕೊಂಡ ಇಂಥ ಸಾಧನಗಳನ್ನು ರಾಶಿ ರಾಶಿ ಪತ್ತೆಹಚ್ಚಿದ್ದರು.

ಗಡಿಯಾರದ ಕಥೆ ಇನ್ನೂ ಸ್ವಾರಸ್ಯದ್ದು. ಪೈ 5ಕ್ಕಿಂತ ಹಿಂದಿನ ಪೈಗಳಲ್ಲಿ ಕರೆಂಟಿಲ್ಲದಾಗ ಓಡುವ ಗಡಿಯಾರವೇ ಇಲ್ಲ (5ರಲ್ಲಿ ಇದೆ, ಬ್ಯಾಟರಿ ಬೇರೆ ಕೊಳ್ಳಬೇಕು). ‘ಫೇಕ್-ಎಚ್‌ಡಬ್ಲ್ಯೂಕ್ಲಾಕ್’ ಎಂಬ ಪುಟ್ಟ ಪ್ರೋಗ್ರಾಂ ಆಗಾಗ ಸಮಯವನ್ನು ಎಟ್ಸಿಯ ಫೈಲೊಂದರಲ್ಲಿ ಬರೆದಿಟ್ಟು ಮುಂದಿನ ಬೂಟ್‌ಗೆ ಅದನ್ನೇ ಕೊಡುತ್ತದೆ. ಬೀಗ ಹಾಕಿದ ಮೇಲೆ ಆ ಫೈಲು ಅಲ್ಲಿಗೇ ನಿಂತಿತು. ಯಂತ್ರ ಪ್ರತಿ ಸಲವೂ ಬೀಗ ಹಾಕಿದ ದಿನಕ್ಕೇ ಏಳುತ್ತದೆ. ಆಮೇಲೆ ಹುಟ್ಟಿದ ವೆಬ್ ಸರ್ಟಿಫಿಕೇಟುಗಳೆಲ್ಲ ಅದರ ಕಣ್ಣಿಗೆ ಇನ್ನೂ ಜಾರಿಗೆ ಬಾರದವು. ಸರಿ, ಸಮಯದ ಸರ್ವರನ್ನು ಕೇಳೋಣವೆಂದರೆ ಮೊದಲು ಅದರ ವಿಳಾಸ ಬೇಕು. ಡಿಎನ್ಎಸ್‌ಸೆಕ್ ಎಂಬ ಸಹಿ-ಪರಿಶೀಲನೆ ಚಾಲೂ ಇದ್ದರೆ ಆ ವಿಳಾಸದ ಸಹಿಯ ದಿನಾಂಕವೂ ತಾಳೆಯಾಗುವುದಿಲ್ಲ. ಸಮಯ ಗೊತ್ತಾಗಲು ವಿಳಾಸ ಬೇಕು, ವಿಳಾಸ ನಂಬಲು ಸಮಯ ಬೇಕು.

ಇಷ್ಟೆಲ್ಲ ರಗಳೆ ಏಕೆ, ಓವರ್‌ಲೇ ಹಾಕಿದರೆ ಆಯಿತಲ್ಲ ಎನ್ನುವವರಿದ್ದಾರೆ. 2014ರ ಕೊನೆಗೆ ಲಿನಕ್ಸ್ ಕರ್ನಲ್ ಸೇರಿದ ಓವರ್‌ಲೇಎಫ್ಎಸ್ ಬೀಗದ ಡಿಸ್ಕಿನ ಮೇಲೆ ಇನ್ನೊಂದು ಪದರ ಹಾಸುತ್ತದೆ. ಪೈಯಲ್ಲಿ ರಾಸ್ಪಿ-ಕಾನ್ಫಿಗ್ ಮೆನುವಿನಿಂದಲೇ ಇದನ್ನು ಆನ್ ಮಾಡಬಹುದು. ಬರೆದದ್ದೆಲ್ಲ ರ‍್ಯಾಮ್‌ಗೆ ಹೋಗುತ್ತದೆ, ಯಾವ ಪ್ರೋಗ್ರಾಮೂ ಗೊಣಗುವುದಿಲ್ಲ. ಪರದೆ ತೋರಿಸುವುದಷ್ಟೇ ಕೆಲಸವಾದರೆ ಇಷ್ಟು ಸಾಕು, ಒಪ್ಪುತ್ತೇನೆ. ಆದರೆ ಅಂಗಡಿಯವರು ವೈ-ಫೈ ಪಾಸ್‌ವರ್ಡ್ ಬದಲಿಸಿ, ಯಂತ್ರಕ್ಕೂ ಹೊಸದನ್ನು ಕೊಟ್ಟು, ಕೆಲಸ ಆಯಿತೆಂದು ಹೋದ ಮೇಲೆ ರಾತ್ರಿ ಕರೆಂಟು ಹೋಗಿ ಬಂದರೆ? ಯಂತ್ರ ಹಳೆಯ ಪಾಸ್‌ವರ್ಡನ್ನೇ ಹಿಡಿದು ಕೂತಿರುತ್ತದೆ. ‘ಬರೆಯಲಾಗದು’ ಎಂದು ಎರರ್ ಕೊಡುವ ಯಂತ್ರವನ್ನು ರಿಪೇರಿ ಮಾಡಬಹುದು. ಬರೆದುಕೊಂಡೆ ಎಂದು ಹೇಳಿ ಮರೆಯುವ ಯಂತ್ರದಲ್ಲಿ ದೋಷ ಹುಡುಕುವುದು ಎಲ್ಲಿಂದ? ಯುಪಿಎಸ್ ಇಟ್ಟು ಬೀಗವನ್ನೇ ತೆಗೆಯಿರಿ ಎಂಬ ವಾದವೂ ಇದೆ. ಆದರೆ ಯುಪಿಎಸ್ ಬ್ಯಾಟರಿಯೂ ಒಂದು ದಿನ ಸಾಯುತ್ತದೆ, ಅದು ಸತ್ತದ್ದು ತಿಳಿಯುವುದು ಕರೆಂಟು ಹೋದಾಗಲೇ.

ಹಾಗಾಗಿ ವಿಂಗಡಣೆಯನ್ನೇ ಮಾಡಬೇಕು: ಕ್ಷಣಿಕವಾದದ್ದು ರ‍್ಯಾಮ್‌ಗೆ, ಸಮಾನವಾದದ್ದು ಬೀಗದೊಳಕ್ಕೆ, ಗುರುತು ಮತ್ತು ಬಳಕೆದಾರರ ಸೆಟ್ಟಿಂಗುಗಳು ಬರೆಯಲು ಬರುವ ಒಂದು ಸಣ್ಣ ಪಾರ್ಟಿಷನ್‌ಗೆ. ಕೈಯಲ್ಲಿ ಹಿಡಿದು ಆಡುವ ಗೇಮ್ ಕಂಪ್ಯೂಟರಾದ ಸ್ಟೀಮ್ ಡೆಕ್‌ನಲ್ಲಿ ಎಟ್ಸಿಗಷ್ಟೇ ಓವರ್‌ಲೇ ಹಾಸಿ, ಬದಲಾವಣೆಗಳನ್ನು ಡಿಸ್ಕಿನ ಬೇರೆ ಭಾಗದಲ್ಲಿ ಉಳಿಸುವುದು ಇದೇ ಬಗೆ. ಆ ಸಣ್ಣ ಪಾರ್ಟಿಷನ್ನೂ ಕೆಡಬಹುದಲ್ಲ ಎಂದರೆ, ಕೆಡಬಹುದು, ಆದರೆ ಅಲ್ಲಿ ಬರೆಯುವುದು ಅಪರೂಪ, ಕೆಟ್ಟರೂ ಯಂತ್ರ ಎದ್ದು ಅದನ್ನು ಹೊಸದಾಗಿ ಕಟ್ಟಿಕೊಳ್ಳಬಲ್ಲದು. ಒಂದು ಷರತ್ತಿದೆ. ಬೂಟ್ ವೇಳೆ ಜೋಡಿಸಬೇಕಾದ ಪಾರ್ಟಿಷನ್ನುಗಳ ಪಟ್ಟಿಯಾದ ಎಫ್ಎಸ್‌ಟ್ಯಾಬ್ ಫೈಲಿನಲ್ಲಿ ಆ ಪಾರ್ಟಿಷನ್ನಿನ ಸಾಲಿಗೆ ‘ನೋಫೇಲ್’ ಎಂಬ ಪದ ಸೇರಿರಬೇಕು. ಅದನ್ನು ಮರೆತರೆ, ಪಾರ್ಟಿಷನ್ ಸಿಗದಾಗ ಸಿಸ್ಟಂಡಿ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಇಳಿದು ರೂಟ್ ಪಾಸ್‌ವರ್ಡ್ ಕೇಳುತ್ತದೆ. ಗೋಡೆಯ ಮೇಲಿನ ಆ ಪೆಟ್ಟಿಗೆಗೆ ಕೀಬೋರ್ಡೇ ಇರುವುದಿಲ್ಲ.