ಗೋಡೆ ದಪ್ಪ ಇದ್ದರೆ ಮನೆ ಗಟ್ಟಿಯೇ?



ಸೋಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಹಳ್ಳಿಗಳಲ್ಲಿ ಹಳೆಯ ಮಾಳಿಗೆ ಮನೆಗಳನ್ನು ನೀವು ನೋಡಿರುತ್ತೀರಿ. ಎರಡಡಿ ದಪ್ಪದ ಕಲ್ಲಿನ ಗೋಡೆ, ಒಳಗೆ ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ. ಹೊರಗೆ 40 ಡಿಗ್ರಿ ದಾಟಿದರೂ ಒಳಗೆ ತಂಪು. "ಇಂಥಾ ಮನಿ ನೂರು ವರ್ಷ ಆದ್ರೂ ಅಲುಗಾಡಂಗಿಲ್ಲ" ಅಂತ ಹಿರಿಯರು ಹೇಳುವುದೂ ಉಂಟು. ಬಿಸಿಲಿನ ಮಟ್ಟಿಗೆ ಈ ಮನೆ ಒಳ್ಳೆಯದೇ. ಭೂಮಿ ನಡುಗಿದಾಗ ಏನಾಗುತ್ತದೆ?

ಇದಕ್ಕೆ ಉತ್ತರ 1993ರ ಸೆಪ್ಟೆಂಬರ್ 30ರಂದು ಸಿಕ್ಕಿತು. ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ನಸುಕಿನ 3 ಗಂಟೆ 56 ನಿಮಿಷಕ್ಕೆ ಸೋಲಾಪುರದ ಈಶಾನ್ಯಕ್ಕಿರುವ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ಕಂಪಿಸಿತು. ಕಂಪನದ ಪ್ರಮಾಣ ಸುಮಾರು 6.2. ಜಗತ್ತಿನಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ಭೂಕಂಪಗಳು ಆಗಿವೆ. ಆದರೂ ಇಲ್ಲಿ ಎಂಟರಿಂದ ಹತ್ತು ಸಾವಿರ ಜನ ಸತ್ತರು. ಬಹಳಷ್ಟು ಜನರ ಜೀವ ತೆಗೆದದ್ದು ಅವರದೇ ಮನೆಯ ಗೋಡೆ ಮತ್ತು ಮಾಳಿಗೆ.

ಯಾಕೆ ಹೀಗಾಯಿತು? ಮೊದಲು ಮಾಳಿಗೆಯ ಲೆಕ್ಕ ಹಾಕೋಣ. ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ, ಮೇಲಿನ ಮಣ್ಣು ಅರ್ಧ ಮೀಟರ್ ದಪ್ಪ ಅಂದುಕೊಳ್ಳಿ. ಮಣ್ಣಿನ ಗಾತ್ರ 6 ಘನ ಮೀಟರ್. ಒಂದು ಘನ ಮೀಟರಿಗೆ 1,600 ಕಿಲೋ ಹಿಡಿದರೂ 9,600 ಕಿಲೋ ಆಯಿತು. ಅಂದರೆ ತಲೆಯ ಮೇಲೆ ಒಂದು ಲಾರಿ ಮರಳಿನಷ್ಟು ಭಾರ! ಮಾಳಿಗೆ ಸೋರಿದಾಗೆಲ್ಲ ಮೇಲೆ ಮತ್ತಷ್ಟು ಮಣ್ಣು ಹಾಕುತ್ತೇವೆ, ಭಾರ ಇನ್ನೂ ಏರುತ್ತದೆ.

ಎಸ್‌.ಟಿ. ಬಸ್ಸು ಫಕ್ಕನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಅದು ಜಡತ್ವ. ಭೂಕಂಪದಲ್ಲಿ ನೆಲ ಪಕ್ಕಕ್ಕೆ ಸರಿಯುತ್ತದೆ, ಭಾರದ ಮಾಳಿಗೆ ಇದ್ದಲ್ಲೇ ಇರಲು ನೋಡುತ್ತದೆ. ನಡುವೆ ಸಿಕ್ಕಿಬೀಳುವುದು ಗೋಡೆ. ಬಲ = ದ್ರವ್ಯರಾಶಿ × ವೇಗೋತ್ಕರ್ಷ ಎಂದು ಓದಿದ್ದೀರಿ. ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 2 ಮೀಟರ್ ಇದ್ದರೆ ನಮ್ಮ ಮಾಳಿಗೆಯಿಂದ ಹುಟ್ಟುವ ಅಡ್ಡ ಬಲ 19,200 ನ್ಯೂಟನ್. ಮಾಳಿಗೆ ಹಗುರಾದಷ್ಟೂ ಈ ಬಲ ಕಡಿಮೆ.

ಇನ್ನು ಗೋಡೆ. ಹೊರಗಿನಿಂದ ಒಂದೇ ಗೋಡೆ ಅನ್ನಿಸುತ್ತದೆ. ನಿಜಕ್ಕೂ ಅದು ಒಳಗೊಂದು, ಹೊರಗೊಂದು ಕಲ್ಲಿನ ಸಾಲು. ನಡುವೆ ಕೆಸರುಮಣ್ಣು, ಚೂರುಗಲ್ಲು. ಎರಡು ಸಾಲಿಗೂ ನಂಟಿಲ್ಲ. ಅಲುಗಾಡಿದಾಗ ಒಂದು ಸಾಲು ಒಳಕ್ಕೆ, ಇನ್ನೊಂದು ಹೊರಕ್ಕೆ ಉಬ್ಬಿ ಬೀಳುತ್ತದೆ. ಕಿಲ್ಲಾರಿ ಸುತ್ತಮುತ್ತ ಹಲವು ಕಡೆ ಗೋಡೆ ಪೂರ್ತಿ ಕುಸಿದರೂ ಕಟ್ಟಿಗೆಯ ಕಂಬ, ತೊಲೆ ಹಾಗೇ ನಿಂತಿದ್ದವು. ಕಾರಣ, ಕಂಬಕ್ಕೂ ತೊಲೆಗೂ ಪರಸ್ಪರ ಜೋಡಣೆ ಇತ್ತು. ಮನೆಯ ಗಟ್ಟಿತನ ದಪ್ಪದಲ್ಲಿಲ್ಲ, ಕಟ್ಟಿನಲ್ಲಿದೆ.

ಕಟ್ಟು ಹಾಕುವುದು ಹೇಗೆ? ಮೊದಲನೆಯದು, ಗೋಡೆಯ ಒಳಮೈಯಿಂದ ಹೊರಮೈವರೆಗೆ ಹಾಯುವ ಉದ್ದ ಕಲ್ಲುಗಳನ್ನು ಕೂರಿಸುವುದು. ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರಿಗೆ, ಉದ್ದದಲ್ಲಿ 1.2 ಮೀಟರ್ ಮೀರದಂತೆ ಒಂದೊಂದು ಇರಬೇಕು ಎನ್ನುತ್ತದೆ ಭಾರತೀಯ ಮಾನಕ. ಕಲ್ಲಿನ ಗೋಡೆಯ ದಪ್ಪ 45 ಸೆಂಟಿಮೀಟರ್ ಮೀರಬಾರದು ಎಂದೂ ಹೇಳುತ್ತದೆ. ಎರಡನೆಯದು, ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವ, ಕಬ್ಬಿಣದ ಸರಳಿರುವ ಕಾಂಕ್ರೀಟ್ ಪಟ್ಟಿ. ಕಣಿಕೆಯ ಸೂಡಿಗೆ ಕಟ್ಟು ಹಾಕಿದ ಹಾಗೆ ಅದು ನಾಲ್ಕೂ ಗೋಡೆ ಒಟ್ಟಿಗೆ ನಿಲ್ಲುವಂತೆ ಮಾಡುತ್ತದೆ. ಮೂರನೆಯದು, ಕಿಟಕಿ ಬಾಗಿಲು ಮೂಲೆಗೆ ತೀರಾ ಹತ್ತಿರ ಬೇಡ.

ಭೂಕಂಪದ ನಂತರ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಉಳಿದ ಊರುಗಳ ಎಷ್ಟೋ ಮನೆಗಳನ್ನು ಇದ್ದಲ್ಲೇ ದುರಸ್ತಿ ಮಾಡಿ ಬಲಪಡಿಸಿದರು. ಹಳೆ ಮನೆ ಅಂದರೆ ಕೆಡವಲೇಬೇಕು ಅಂತಿಲ್ಲ.

ಇಲ್ಲಿ ಒಂದು ತೊಡಕಿದೆ. ಹಗುರ ಬೇಕು ಅಂತ ಬರೀ ಪತ್ರಾ ಹಾಕಿದರೆ ಏಪ್ರಿಲ್-ಮೇ ತಿಂಗಳಲ್ಲಿ ಮನೆಯೊಳಗೆ ಕೂಡ್ರಲಾಗದು. ಭೂಮಿ ಬಿಸಿಯಾಗುತ್ತಿರುವಾಗ ಈ ಕಷ್ಟ ಇನ್ನೂ ಹೆಚ್ಚು. ಮಳೆಯೂ ಬದಲಾಗುತ್ತಿದೆ. ಉಷ್ಣತೆ 1 ಡಿಗ್ರಿ ಏರಿದರೆ ಗಾಳಿ ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ಸುರಿದರೆ ಒಮ್ಮೆಲೇ ಜೋರಾಗಿ ಸುರಿಯುತ್ತದೆ. ನೆನೆದ ಮಣ್ಣು ಒಣಮಣ್ಣಿಗಿಂತ ಭಾರ. ಆದ್ದರಿಂದ ಚಾವಣಿ ಹಗುರವೂ ಇರಬೇಕು, ತಂಪೂ ಇರಬೇಕು, ಸೋರಲೂ ಬಾರದು. ಅದೇ ಕೋಣೆಗೆ 10 ಸೆಂಟಿಮೀಟರ್ ಕಾಂಕ್ರೀಟ್ ಹಾಕಿದರೆ ಭಾರ ಸುಮಾರು 3,000 ಕಿಲೋ, ಮಣ್ಣಿನ ಮೂರನೇ ಒಂದು ಪಾಲು. ಮೇಲೆ ಬಿಳಿ ಸುಣ್ಣ ಹಚ್ಚಿದರೆ ಬಿಸಿಲು ವಾಪಸು ಪ್ರತಿಫಲಿಸಿ ಒಳಗಿನ ಸೆಕೆ ತಗ್ಗುತ್ತದೆ. ಪತ್ರಾ ಇದ್ದರೂ ಸುಣ್ಣ ಹಚ್ಚಿ, ಕೆಳಗೆ ಗಾಳಿಯಾಡಲು ಜಾಗ ಬಿಟ್ಟು ಚಾಪೆ ಅಥವಾ ಬಿದಿರ ತಟ್ಟಿ ಕಟ್ಟಬಹುದು.

ಮಾಡಿ ನೋಡಿ: ದೊಡ್ಡ ತಟ್ಟೆಯ ಮೇಲೆ ಖಾಲಿ ಬೆಂಕಿಪೆಟ್ಟಿಗೆಗಳಿಂದ ನಾಲ್ಕು ಗೋಡೆ ಜೋಡಿಸಿ. ಮೇಲೆ ದಪ್ಪ ಪುಸ್ತಕ ಇಟ್ಟು ತಟ್ಟೆಯನ್ನು ಪಕ್ಕಕ್ಕೆ ಅಲುಗಾಡಿಸಿ. ಆಮೇಲೆ ಗೋಡೆಗಳ ಸುತ್ತ ದಾರ ಬಿಗಿದು ನೋಡಿ. ಕೊನೆಗೆ ಪುಸ್ತಕದ ಬದಲು ರಟ್ಟು ಇಡಿ. ಮೂರು ಸಲವೂ ಏನಾಯಿತೆಂದು ಬರೆದುಕೊಳ್ಳಿ. ಮನೆಯಲ್ಲಿ ಈ ವರ್ಷ ಮಾಳಿಗೆಗೆ ಮತ್ತೆ ಮಣ್ಣು ಹಾಕುವ ಮಾತು ಬಂದರೆ, ಆ ಬರಹವನ್ನು ಅಪ್ಪ-ಅವ್ವಗೆ ತೋರಿಸಿ.